ಪೆಟ್ಟಿಗೆ ಬಂದ ದಿವಸವೇ ಹೋದ ಕೆಲಸ

ಮುಂಬೈಯ ಫೋರ್ಟ್ ಭಾಗದಲ್ಲಿ ಓಡಾಡಿದ ಕನ್ನಡಿಗರಿಗೆ ಪಿ. ಡಿಮೆಲ್ಲೊ ರಸ್ತೆ ಹೊಸದಲ್ಲ. ಸಿಎಸ್‌ಎಂಟಿ ಸ್ಟೇಷನ್ನಿನ ಪೂರ್ವಕ್ಕೆ, ಬಂದರಿನ ಗೋಡೆಗೆ ಒತ್ತಿಕೊಂಡು ಉತ್ತರಕ್ಕೆ ಸಾಗುವ, ಲಾರಿಗಳೇ ಹೆಚ್ಚು ಕಾಣುವ ರಸ್ತೆ ಅದು. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಫ್ರಿಯರ್ ರೋಡ್ ಎಂಬ ಹೆಸರಿತ್ತು. ಈ ಡಿಮೆಲ್ಲೊ ಯಾರು ಎಂದು ಕೇಳಿದರೆ ಹೆಚ್ಚಿನವರು ಗೋವಾದವರಿರಬೇಕು ಎಂದುಬಿಡುತ್ತಾರೆ. ಅಲ್ಲ. ಪ್ಲಾಸಿಡ್ ಡಿಮೆಲ್ಲೊ ನಮ್ಮ ಕರಾವಳಿಯವರು, ಬೆಳ್ಮಣ್ಣು ಕಡೆಯವರು. ಹೊಟ್ಟೆಪಾಡಿಗೆ ಮುಂಬೈಗೆ ಬಂದು, ಬಂದರಿನ ಕೂಲಿಗಳನ್ನು ಸಂಘಟಿಸಿ, ಜೈಲು ಕಂಡು, 1958ರಲ್ಲಿ ತೀರಿಕೊಂಡವರು. ಕೂಲಿಕಾರರ ನಾಯಕನೊಬ್ಬನ ಹೆಸರನ್ನು ಬಂದರಿನ ಉದ್ದಕ್ಕೂ ಹೋಗುವ ರಸ್ತೆಗೇ ಇಟ್ಟಿದ್ದಾರೆ ಎಂದರೆ ಆ ಕಾಲದಲ್ಲಿ ಗೋದಿ ಕಾರ್ಮಿಕರ ಒಕ್ಕೂಟಕ್ಕೆ ಎಂಥ ತೂಕವಿತ್ತು ಎಂದು ಊಹಿಸಬಹುದು.

ಅವರ ಹಿಂದೆಯೇ ಬಂದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಬೆಂಗಳೂರಿನ ಸೆಮಿನರಿ ಬಿಟ್ಟು, ಕೈಯಲ್ಲಿ ಕಾಸಿಲ್ಲದೆ ಮುಂಬೈಗೆ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ ರಾತ್ರಿ ಕಳೆದ ಕಥೆಯನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಮುಂಬೈಯಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಇದೇ ಡಿಮೆಲ್ಲೊ. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ್ದು, 1974ರ ರೈಲ್ವೆ ಮುಷ್ಕರ, ಇವೆಲ್ಲ ನಮಗೆ ಗೊತ್ತಿರುವ ಜಾರ್ಜ್. ಆದರೆ ಅವರು ಮುಷ್ಕರದ ಅಕ್ಷರಾಭ್ಯಾಸ ಮಾಡಿದ್ದು ಗೋದಿಯ ಗೇಟಿನ ಮುಂದೆ. ಮುಂಬೈ ಬಂದರಿನ ಚರಿತ್ರೆಯಲ್ಲಿ ನಮ್ಮೂರಿನವರದು ಹೋಟೆಲಿನ ಗಲ್ಲಾಪೆಟ್ಟಿಗೆಗಷ್ಟೇ ನಿಲ್ಲುವ ಕಥೆಯಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಹದಿನೆಂಟು ವರ್ಷದಿಂದ ನಾನು ನವಿ ಮುಂಬೈಯಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದಲ್ಲಿದ್ದೇನೆ. ಬೆಳಗಾವಿ, ಹುಬ್ಬಳ್ಳಿ ಕಡೆಯ ಕಾರ್ಖಾನೆಗಳ ಮಾಲು ಹಾವಾಶೇವಾ ಬಂದರಿನ ಮೂಲಕ ಹೊರದೇಶಕ್ಕೆ ಹೋಗುವುದಕ್ಕೆ ಬೇಕಾದ ಕಾಗದಪತ್ರ ನೋಡಿಕೊಳ್ಳುವುದು ನಮ್ಮ ಉದ್ಯೋಗ. ಮುಷ್ಕರ ಎಂದರೆ ನಮಗೆ ಮೊದಲು ಕಾಣುವುದು ಡೆಮರೇಜಿನ ಬಿಲ್ಲು. ಹಾಗಿದ್ದೂ 2024ರ ಆಗಸ್ಟ್ ಮತ್ತು ಅಕ್ಟೋಬರಿನಲ್ಲಿ, ಎರಡು ಬೇರೆ ಬೇರೆ ಖಂಡಗಳಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದ ಎರಡು ಮುಷ್ಕರದ ಕರೆಗಳನ್ನು ಬಿಲ್ಲಿನ ಕಣ್ಣಿನಿಂದ ಮಾತ್ರ ನೋಡಲು ನನಗೆ ಆಗಲಿಲ್ಲ.

ಮುಂಜಾನೆಯ ಗೇಟು

ಮೊದಲು ಹಳೆಯದನ್ನು ಹೇಳಬೇಕು, ಇಲ್ಲವಾದರೆ ಹೊಸದು ಅರ್ಥವಾಗದು.

ಹಡಗಿನ ಕೆಲಸಕ್ಕೆ ದಿನದ ಲೆಕ್ಕವಿರುವುದಿಲ್ಲ. ಇವತ್ತು ಐದು ಹಡಗು ಬಂದರೆ ಸಾವಿರಾರು ಮಂದಿ ಬೇಕು, ನಾಳೆ ಒಂದೂ ಬರದಿದ್ದರೆ ಯಾರೂ ಬೇಡ. ಆದ್ದರಿಂದ ಜಗತ್ತಿನ ಎಲ್ಲ ಬಂದರುಗಳಲ್ಲೂ ಒಂದೇ ದೃಶ್ಯ: ಬೆಳಗ್ಗೆ ಗೇಟಿನ ಮುಂದೆ ಗುಂಪು, ಎದುರಿಗೆ ಬೆರಳು ತೋರಿಸಿ ಆರಿಸುವ ಮೇಸ್ತ್ರಿ. ಮುಂಬೈಯಲ್ಲಿ ಆ ಮೇಸ್ತ್ರಿಗೆ ಟೋಳಿವಾಲಾ ಎನ್ನುತ್ತಿದ್ದರು. ಟೋಳಿ ಎಂದರೆ ಗುಂಪು. ಹಡಗಿನ ಗುತ್ತಿಗೆದಾರನಿಂದ ದುಡ್ಡು ತೆಗೆದುಕೊಳ್ಳುವವನು ಅವನು, ಹಂಚುವವನೂ ಅವನೇ. ಅವನ ಕೈಯಲ್ಲಿ ಎಷ್ಟು ನಿಂತಿತು, ಕೂಲಿಯವನ ಕೈಗೆ ಎಷ್ಟು ಬಂತು ಎಂದು ಕೇಳುವವರು ಯಾರೂ ಇರಲಿಲ್ಲ. ಅವನಿಗೆ ಬೇಡವಾದವನಿಗೆ ಮರುದಿನ ಕೆಲಸವಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಗೋದಿ ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯ್ದೆ ಬಂತು. ಅದರಡಿಯಲ್ಲಿ 1951ರಲ್ಲಿ ಮುಂಬೈಗೆ ಒಂದು ಯೋಜನೆಯಾಗಿ ಡಾಕ್ ಲೇಬರ್ ಬೋರ್ಡ್ ಹುಟ್ಟಿತು. ಬೋರ್ಡಿನಲ್ಲಿ ಸರ್ಕಾರ, ಹಡಗು ಕಂಪನಿಗಳು, ಕಾರ್ಮಿಕರು ಮೂವರೂ ಕೂರುತ್ತಿದ್ದರು. ಹೆಸರು ನೋಂದಾಯಿಸಿದ ಕಾರ್ಮಿಕನಿಗೆ ಸರದಿಯ ಮೇಲೆ ಕೆಲಸ, ತಿಂಗಳಿಗೆ ಇಂತಿಷ್ಟು ದಿನದ ಕೂಲಿ ಖಾತ್ರಿ, ಹಾಜರಾಗಿಯೂ ಕೆಲಸ ಸಿಗದ ದಿನಕ್ಕೆ ಹಾಜರಿ ಹಣ. ಮೇಸ್ತ್ರಿಯ ಬೆರಳಿನ ಜಾಗಕ್ಕೆ ಒಂದು ರಿಜಿಸ್ಟರ್ ಬಂತು. ಕೇಳುವುದಕ್ಕೆ ಇದು ಗುಮಾಸ್ತಿಕೆಯ ಸಣ್ಣ ವಿಷಯ. ಆದರೆ ನನ್ನ ಮಟ್ಟಿಗೆ, ಬಂದರಿನ ಕಾರ್ಮಿಕ ಗಳಿಸಿದ ಎಲ್ಲದರಲ್ಲಿ ದೊಡ್ಡದು ಇದೇ. ಸಂಬಳ ಎಷ್ಟು ಎನ್ನುವುದಕ್ಕಿಂತ ಮುಂಚೆ, ನಾಳೆ ನನ್ನ ಹೆಸರು ಕರೆಯುತ್ತಾರೋ ಇಲ್ಲವೋ ಎನ್ನುವ ಪ್ರಶ್ನೆ ಬಗೆಹರಿಯಬೇಕಿತ್ತು.

ನೆರೂಳಿನಲ್ಲಿ ನಮ್ಮ ಕಡೆಯ ಒಬ್ಬ ಹಿರಿಯರಿದ್ದಾರೆ. ಮಲ್ಪೆಯ ಹತ್ತಿರದವರು, ನಾವೆಲ್ಲ ಅಣ್ಣ ಎಂದೇ ಕರೆಯುವುದು. ಹದಿಹರೆಯದಲ್ಲಿ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಇಂದಿರಾ ಡಾಕಿನಲ್ಲಿ ವಿಂಚ್ ನಡೆಸುವವರಾದರು. ಸ್ವಯಂ ನಿವೃತ್ತಿ ಯೋಜನೆ ಬಂದಾಗ ಹಣ ತೆಗೆದುಕೊಂಡು ಹೊರಬಂದವರು. ಹಿಂದಿನ ಕೆಲಸದ ಬಗ್ಗೆ ಕೇಳಿದರೆ ಅವರು ಮೊದಲು ಹೇಳುವುದು ಕೊಕ್ಕೆಯ ವಿಷಯ. ಗೋಣಿಚೀಲ ಎಳೆಯುವುದಕ್ಕೆ ಪ್ರತಿಯೊಬ್ಬನ ಸೊಂಟದಲ್ಲೂ ಒಂದು ಕಬ್ಬಿಣದ ಕೊಕ್ಕೆ. ಹಡಗಿನ ಹೊಟ್ಟೆಯೊಳಗೆ ಒಂದು ಟೋಳಿ, ಮೇಲೆ ವಿಂಚಿನವನು, ದಕ್ಕೆಯಲ್ಲಿ ಇನ್ನೊಂದು ಟೋಳಿ. ಗೊಬ್ಬರದ ಹಡಗಾದರೆ ಕಣ್ಣು ಉರಿ, ಗಂಧಕವಾದರೆ ಇನ್ನೂ ಉರಿ, ಖರ್ಜೂರದ ಹಡಗು ಬಂದರೆ ಮಕ್ಕಳಿಗೆ ಹಬ್ಬ. ಒಂದು ಹಡಗು ಖಾಲಿಯಾಗಲು ವಾರಗಟ್ಟಲೆ.

"ಕಂಪ್ಯೂಟರ್ ಬಂದು ನಮ್ಮ ಕೆಲಸ ಹೋಯ್ತು ಅಂತ ಈಗ ಹೇಳ್ತಾರೆ. ಅದಲ್ಲ ಮಾರಾಯ. ಪೆಟ್ಟಿಗೆ ಬಂದ ದಿವಸವೇ ಹೋದದ್ದು" ಎಂದರು ಅಣ್ಣ.

ಆ ಪೆಟ್ಟಿಗೆಯ ಜಾತಕ ಚಿಕ್ಕದು. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಲೋಹದ ಪೆಟ್ಟಿಗೆಗಳನ್ನು ಇಟ್ಟು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದ. ಬಿಡಿ ಸರಕನ್ನು ಹಡಗಿಗೇರಿಸಲು ಟನ್ನಿಗೆ ಐದು ಡಾಲರಿಗೂ ಮಿಕ್ಕಿ ಬೀಳುತ್ತಿದ್ದ ಖರ್ಚು ಪೆಟ್ಟಿಗೆಯಲ್ಲಿ 16 ಸೆಂಟಿಗೆ ಇಳಿಯಿತೆಂದು ಲೆಕ್ಕ ಹಾಕಿದರು. ಹಡಗಿನ ಹೊಟ್ಟೆಯೊಳಗಿನ ಟೋಳಿಗೆ ಅಲ್ಲಿಗೆ ಕೆಲಸ ಮುಗಿಯಿತು. ನಮ್ಮಲ್ಲಿ ಅದು ನಿಧಾನವಾಗಿ ಬಂತು. ಕಡಲಿನ ಆಚೆ ದಡದಲ್ಲಿ ಹಾವಾಶೇವಾ 1989ರ ಮೇಯಲ್ಲಿ ಶುರುವಾದಾಗ ಮುಂಬೈ ಹಳೆ ಬಂದರಿನ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ಆ ಕಡೆ ನಡೆದವು. 1997ರಲ್ಲಿ, 1948ರ ಕಾಯ್ದೆ ದೊಡ್ಡ ಬಂದರುಗಳಿಗೆ ಅನ್ವಯಿಸದಂತೆ ಮಾಡುವ ಇನ್ನೊಂದು ಕಾಯ್ದೆ ಬಂತು. ಲೇಬರ್ ಬೋರ್ಡುಗಳು ಬಂದರು ಟ್ರಸ್ಟುಗಳಲ್ಲಿ ಕರಗಿಹೋದವು. ಈಗ ಹಾವಾಶೇವಾ ಒಂದರಲ್ಲೇ ವರ್ಷಕ್ಕೆ, 20 ಅಡಿ ಪೆಟ್ಟಿಗೆಯ ಲೆಕ್ಕದಲ್ಲಿ, 73 ಲಕ್ಷದಷ್ಟು ಸರಕು ಓಡಾಡುತ್ತದೆ (2024-25ರ ಲೆಕ್ಕ). ಅಣ್ಣನ ಕಾಲದ ಟೋಳಿಗಳಿಂದ ಅದನ್ನು ಎತ್ತಿಸುವುದನ್ನು ಊಹಿಸುವುದಕ್ಕೂ ಆಗದು.

ಎಂದರೆ ಯಂತ್ರ ಬೇಡ ಎನ್ನುವ ಮಾತಿಗೆ ಅರ್ಥವಿಲ್ಲ. ಅಣ್ಣನೂ ಹಾಗೆ ಹೇಳುವುದಿಲ್ಲ. ಯಂತ್ರದಿಂದ ಉಳಿದ ದುಡ್ಡು ಯಾರ ಜೇಬಿಗೆ ಹೋಯಿತು ಎಂಬುದಷ್ಟೇ ಪ್ರಶ್ನೆ. ಈ ಪ್ರಶ್ನೆಯನ್ನು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿದವನು ಅಮೆರಿಕದ ಪಶ್ಚಿಮ ತೀರದ ಹ್ಯಾರಿ ಬ್ರಿಜಸ್ ಎಂಬ ಕಾರ್ಮಿಕ ನಾಯಕ. ಯಂತ್ರ ಬಂದೇ ಬರುತ್ತದೆ, ತಡೆದು ಸಾಯುವ ಬದಲು ಅದರ ಲಾಭದಲ್ಲಿ ಪಾಲು ಕೇಳೋಣ ಎಂದು ಅವನು 1960ರಲ್ಲಿ ಒಪ್ಪಂದ ಮಾಡಿಕೊಂಡ. ಮಾಲೀಕರು ಒಟ್ಟು 2.9 ಕೋಟಿ ಡಾಲರ್ ನಿಧಿಗೆ ಹಾಕಬೇಕು, ಇದ್ದವರನ್ನು ತೆಗೆಯಬಾರದು, ವಯಸ್ಸಾದವರು ಹಣ ತೆಗೆದುಕೊಂಡು ಗೌರವದಿಂದ ಮನೆಗೆ ಹೋಗಬಹುದು. ಬದಲಿಗೆ ಯಂತ್ರಕ್ಕೆ ಅಡ್ಡಿಯಿಲ್ಲ. ಅಗ್ಗದಲ್ಲಿ ಮಾರಿಬಿಟ್ಟ ಎಂದು ಅವನ ಸಂಘದೊಳಗೇ ಬೈದವರಿದ್ದರು. ಪೂರ್ವ ತೀರದ ಸಂಘ ಬೇರೆ ದಾರಿ ಹಿಡಿದು, ಕೆಲಸ ಇರಲಿ ಇಲ್ಲದಿರಲಿ ವರ್ಷಕ್ಕೆ ಇಂತಿಷ್ಟು ಆದಾಯದ ಖಾತ್ರಿ ಪಡೆಯಿತು. ಕೆಲಸವಿಲ್ಲದೆ ಸಂಬಳವೇ ಎಂದು ಮೂಗುಮುರಿಯುವವರು ಕೇರಳದ 'ನೋಕ್ಕುಕೂಲಿ'ಯನ್ನು ನೆನೆಯುತ್ತಾರೆ. ನಿಮ್ಮ ಮನೆಯ ಸಾಮಾನನ್ನು ನೀವೇ ಇಳಿಸಿಕೊಂಡರೂ ನೋಡುತ್ತ ನಿಂತವನಿಗೆ ಕೂಲಿ! ಕೇರಳ ಸರ್ಕಾರವೇ ಅದನ್ನು 2018ರ ಮೇ 1ರಿಂದ ನಿಷೇಧಿಸಿತು. ಎರಡೂ ಒಂದೇ ಅಲ್ಲ. ಒಂದರಲ್ಲಿ ಯಂತ್ರದ ಲಾಭ ಉಂಡ ಕಂಪನಿ ಕರಾರಿನಂತೆ ಕೊಡುತ್ತದೆ, ಇನ್ನೊಂದರಲ್ಲಿ ದಾರಿಹೋಕ ಹೆದರಿ ಕೊಡುತ್ತಾನೆ.

ಮೂರು ದಿನದ ಮುಷ್ಕರ

2024ರ ಅಕ್ಟೋಬರ್ 1ರಂದು ಅಮೆರಿಕದ ಮೇಯ್ನ್‌ನಿಂದ ಟೆಕ್ಸಾಸಿನವರೆಗಿನ ಬಂದರುಗಳಲ್ಲಿ ಸುಮಾರು 45 ಸಾವಿರ ಮಂದಿ ಕೆಲಸ ನಿಲ್ಲಿಸಿದರು. 1977ರ ನಂತರ ಆ ತೀರದಲ್ಲಿ ಇಂಥದ್ದು ಆಗಿರಲಿಲ್ಲ. ಸಂಘದ ಹೆಸರು ಇಂಟರ್‌ನ್ಯಾಷನಲ್ ಲಾಂಗ್‌ಶೋರ್‌ಮೆನ್ಸ್ ಅಸೋಸಿಯೇಷನ್, ಐಎಲ್‌ಎ. ಆ ದಿನ ಬೆಳಗಾವಿಯ ನಮ್ಮ ಗಿರಾಕಿಯೊಬ್ಬರ ಎರಕದ ಬಿಡಿಭಾಗಗಳ ಎರಡು ಪೆಟ್ಟಿಗೆ ಅಟ್ಲಾಂಟಿಕ್ ಸಾಗರದಲ್ಲಿದ್ದವು. ಕೆಂಪು ಸಮುದ್ರದಲ್ಲಿ ಹೂಥಿಗಳ ದಾಳಿಯಿಂದಾಗಿ ಹಡಗುಗಳು ಆಫ್ರಿಕವನ್ನು ಸುತ್ತಿ ಹೋಗುತ್ತಿದ್ದ ಕಾಲವದು. ಮೊದಲೇ ಎರಡು ವಾರ ತಡ.

ಸಂಜೆಯೇ ಫೋನು. "ಏನ್ ಸಾಹೇಬ್ರ, ಆ ಮಂದಿ ತಾಸಿಗೆ 39 ಡಾಲರ್ ತಗೋತಾರಂತ. ನಮ್ಮ ರೊಕ್ಕದಾಗ ಮೂರು ಸಾವಿರದ ಮ್ಯಾಲ. ಇನ್ನೂ ಸಾಲೂದಿಲ್ಲೇನ್ರಿ ಅವರಿಗೆ?"

ಅವರ ಸಿಟ್ಟು ನ್ಯಾಯವೇ. ಗ್ರಾಹಕನ ಕಾರ್ಖಾನೆ ನಿಂತರೆ ದಂಡ ತೆರಬೇಕಾದವರು ಅವರು. ವಿಮೆ ಇದೆಯಲ್ಲ ಎಂದು ಕೇಳಿದರು. ಇಲ್ಲಿ ಒಂದು ಮಾತು ಎಲ್ಲ ರಫ್ತುದಾರರಿಗೂ ಹೇಳಬೇಕು. ಸರಕು ವಿಮೆಯ ಮುಷ್ಕರದ ಷರತ್ತು ಎಂದರೆ ಮುಷ್ಕರನಿರತರು ಮಾಲಿಗೆ ಹಾನಿ ಮಾಡಿದರೆ ಸಿಗುವ ಪರಿಹಾರ. ಮುಷ್ಕರದಿಂದ ಮಾಲು ತಡವಾದ ನಷ್ಟ ಅದರಲ್ಲಿ ಸೇರುವುದಿಲ್ಲ. ಪ್ರೀಮಿಯಂ ಕಟ್ಟುವಾಗ ಯಾರೂ ಓದದ ಸಾಲು ಅದು. ಇತ್ತ ಕೆಲವು ಹಡಗು ಕಂಪನಿಗಳು ಮುಷ್ಕರ ಶುರುವಾಗುವ ಮೊದಲೇ ಹೆಚ್ಚುವರಿ ಶುಲ್ಕದ ಸುತ್ತೋಲೆ ಕಳಿಸಿಯಾಗಿತ್ತು.

39 ಡಾಲರ್ ಸಾಲದೇ ಎಂಬ ಪ್ರಶ್ನೆಗೆ ನಾನು ಆ ದಿನ ಹೇಳಿದ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಹಳೆಯ ಒಪ್ಪಂದ ಆದದ್ದು 2018ರಲ್ಲಿ, ಆರು ವರ್ಷಕ್ಕೆ. ನಡುವೆ ಕೋವಿಡ್ ಬಂತು. ಚೀನಾದಿಂದ ಅಮೆರಿಕಕ್ಕೆ ಒಂದು ದೊಡ್ಡ ಪೆಟ್ಟಿಗೆಯ ಬಾಡಿಗೆ ಹತ್ತು ಸಾವಿರ ಡಾಲರ್ ದಾಟಿ ಹೋದದ್ದು ನಮ್ಮ ವ್ಯವಹಾರದಲ್ಲಿರುವವರು ಯಾರೂ ಮರೆಯುವಂತಿಲ್ಲ. ಹಡಗು ಕಂಪನಿಗಳು 2021, 2022ರಲ್ಲಿ ತಮ್ಮ ಇತಿಹಾಸದಲ್ಲೇ ಕಾಣದ ಲಾಭ ಕಂಡವು. ಅದೇ ಎರಡು ವರ್ಷ, ಎಲ್ಲರೂ ಮನೆಯಲ್ಲಿ ಕೂತಿದ್ದಾಗ, ದಕ್ಕೆಯಲ್ಲಿ ನಿಂತವನಿಗೆ 2018ರ ಒಪ್ಪಂದದಲ್ಲಿ ನಿಗದಿಯಾದ ದರವೇ. ಸಂಘ ಆರು ವರ್ಷಕ್ಕೆ ಶೇ 77 ಏರಿಕೆ ಕೇಳಿತು. ಮೂರನೇ ದಿನ ಶೇ 62ಕ್ಕೆ ಒಪ್ಪಿಗೆಯಾಗಿ ಹಡಗುಗಳು ಮತ್ತೆ ಇಳಿಯತೊಡಗಿದವು. ಆರು ವರ್ಷದ ಕೊನೆಗೆ ತಾಸಿಗೆ 63 ಡಾಲರ್.

ಇಷ್ಟು ಬೇಗ ಮುಗಿದದ್ದು ಏಕೆಂದರೆ ಆ ದಿನ ಮುಗಿದದ್ದು ಸಂಬಳದ ಮಾತು ಮಾತ್ರ. ಯಂತ್ರದ ಮಾತನ್ನು 2025ರ ಜನವರಿ 15ರವರೆಗೆ ಮುಂದೂಡಿದರು. ನಿಜವಾದ ಜಗಳ ಅಲ್ಲಿತ್ತು. 2024ರ ಜೂನಿನಲ್ಲಿ ಮಾತುಕತೆಯೇ ಮುರಿದುಬಿದ್ದದ್ದು ಯಾವುದೋ ದೈತ್ಯ ರೋಬೋಟಿನ ಕಾರಣಕ್ಕಲ್ಲ, ಒಂದು ಗೇಟಿನ ಕಾರಣಕ್ಕೆ. ಅಲಬಾಮಾದ ಮೊಬಿಲ್ ಬಂದರಿನಲ್ಲಿ ಲಾರಿ ಬಂದರೆ ಪೆಟ್ಟಿಗೆಯ ನಂಬರನ್ನು ತಾನೇ ಓದಿ ಒಳಗೆ ಬಿಡುವ ಸ್ವಯಂಚಾಲಿತ ಗೇಟು ಹಾಕಿದ್ದರು. ಗೇಟಿನಲ್ಲಿ ಕೂತು ನಂಬರ್ ಬರೆದುಕೊಳ್ಳುವ ಗುಮಾಸ್ತನೂ ಐಎಲ್‌ಎ ಸದಸ್ಯನೇ. ನಮ್ಮನ್ನು ಕೇಳದೆ ಹಾಕಿದಿರಿ ಎಂದು ಅಧ್ಯಕ್ಷ ಹ್ಯಾರಲ್ಡ್ ಡ್ಯಾಗೆಟ್ ಮಾತುಕತೆಯಿಂದ ಎದ್ದರು. ಡಿಸೆಂಬರಿನಲ್ಲಿ ಟ್ರಂಪ್ ಸಂಘದ ಪರ ಹೇಳಿಕೆ ಕೊಟ್ಟರು. ಜನವರಿ 8ಕ್ಕೆ ಒಪ್ಪಂದ, ಫೆಬ್ರವರಿ 25ಕ್ಕೆ ಸದಸ್ಯರ ಮತ. ಶೇ 99ರಷ್ಟು ಪರವಾಗಿ. ಪೂರ್ಣ ಸ್ವಯಂಚಾಲನೆ ಇಲ್ಲ. ಹೊಸ ತಂತ್ರಜ್ಞಾನ ತರಬಹುದು, ಆದರೆ ಜೊತೆಗೆ ಮನುಷ್ಯನ ಕೆಲಸವೂ ಉಳಿಯಬೇಕು ಎಂಬುದು ಅದರ ಸಾರ.

ಎಂಟೂವರೆಯ ಲೆಕ್ಕ

ಅದಕ್ಕೆ ಐದು ವಾರ ಮುಂಚೆ ನಮ್ಮಲ್ಲಿ ನಡೆದದ್ದನ್ನು ಪತ್ರಿಕೆಗಳು ಒಳಪುಟದಲ್ಲಿ ಮುಗಿಸಿದವು. ಆಗಸ್ಟ್ 28ರಿಂದ ದೇಶದ ದೊಡ್ಡ ಬಂದರುಗಳಲ್ಲಿ, ನಮ್ಮ ಪಣಂಬೂರಿನ ನವಮಂಗಳೂರು ಬಂದರೂ ಸೇರಿ, ಅನಿರ್ದಿಷ್ಟ ಮುಷ್ಕರಕ್ಕೆ ಕಾರ್ಮಿಕ ಒಕ್ಕೂಟಗಳು ಕರೆ ಕೊಟ್ಟಿದ್ದವು. ಹಳೆಯ ವೇತನ ಒಪ್ಪಂದ 2021ರ ಡಿಸೆಂಬರ್ 31ಕ್ಕೇ ಮುಗಿದು 32 ತಿಂಗಳಾಗಿತ್ತು. ನಾವು ಗಿರಾಕಿಗಳಿಗೆಲ್ಲ ಫೋನ್ ಮಾಡಿ 26ರೊಳಗೆ ಪೆಟ್ಟಿಗೆಯನ್ನು ಬಂದರಿನ ಒಳಗೆ ಸೇರಿಸಿ ಎಂದು ಗಂಟಲು ಹರಿದುಕೊಂಡೆವು. 27ರಂದು ದಿಲ್ಲಿಯಲ್ಲಿ, ಸಚಿವ ಸರ್ಬಾನಂದ ಸೋನೊವಾಲ್ ಮಧ್ಯಪ್ರವೇಶಿಸಿದ ಮೇಲೆ, ಒಪ್ಪಂದವಾಯಿತು. ಮೂರನೇ ದಿನ ಪ್ರಧಾನಿಯವರು ಪಾಲ್ಘರಿನಲ್ಲಿ 76 ಸಾವಿರ ಕೋಟಿ ರೂಪಾಯಿಯ ವಾಢವಣ ಬಂದರಿಗೆ ಶಿಲಾನ್ಯಾಸ ಮಾಡುವವರಿದ್ದರು. ಮುಷ್ಕರದ ದಿನಾಂಕ ಆರಿಸಿದವರಿಗೆ ಕ್ಯಾಲೆಂಡರ್ ಓದಲು ಬರುತ್ತದೆ ಎಂದು ನಾನು ನಕ್ಕದ್ದುಂಟು.

ಸಿಕ್ಕಿದ್ದೆಷ್ಟು? ಶೇ 8.5. ಅಲ್ಲಿ 62, ಇಲ್ಲಿ ಎಂಟೂವರೆ ಎಂದು ವಾಟ್ಸ್ಆ್ಯಪಿನಲ್ಲಿ ಆಡಿಕೊಂಡವರು ಬಹಳ. ಹಾಗೆ ಹೋಲಿಸಬಾರದು. ನಮ್ಮಲ್ಲಿ ತುಟ್ಟಿಭತ್ಯೆ ಇದೆ. ಬೆಲೆ ಏರಿದಂತೆ ಅದೂ ತಾನೇ ಏರುತ್ತದೆ. ಅಲ್ಲಿನ 62ರಲ್ಲಿ ಮುಂದಿನ ಆರು ವರ್ಷದ ಹಣದುಬ್ಬರವೂ ಸೇರಿದೆ. ನಮ್ಮ ಲೆಕ್ಕ ಹೀಗೆ: ಮೂಲ ವೇತನ 100 ರೂಪಾಯಿ ಇದ್ದರೆ ಅದಕ್ಕೆ ಶೇ 30 ತುಟ್ಟಿಭತ್ಯೆ ಸೇರಿಸಿ 130 ಮಾಡುತ್ತಾರೆ. ಅದು ಹೇಗೂ ಬರುತ್ತಿದ್ದ ಹಣ. ಆ 130ರ ಮೇಲೆ ಎಂಟೂವರೆ ಪರ್ಸೆಂಟ್, ಎಂದರೆ ಸುಮಾರು 11 ರೂಪಾಯಿ. ಹೊಸ ಮೂಲ ವೇತನ 141. ನಿಜವಾದ ಲಾಭ ಆ ಹನ್ನೊಂದು, ಜೊತೆಗೆ ಮುಂದಿನ ತುಟ್ಟಿಭತ್ಯೆ, ಪಿಂಚಣಿ ಎಲ್ಲವೂ 141ರ ಮೇಲೆ ಲೆಕ್ಕವಾಗುವ ಅನುಕೂಲ. 2022ರ ಜನವರಿ 1ರಿಂದ ಪೂರ್ವಾನ್ವಯ, ತಿಂಗಳಿಗೆ 500 ರೂಪಾಯಿಯ ವಿಶೇಷ ಭತ್ಯೆ. ಕೆಟ್ಟ ಒಪ್ಪಂದವಲ್ಲ. ಇದ್ದುದರಲ್ಲಿ ಸಭ್ಯ ಒಪ್ಪಂದ.

ನನಗೆ ಕಾಡಿದ್ದು ಬೇರೆ ಅಂಕಿ. ಈ ಒಪ್ಪಂದ ತಟ್ಟುವುದು ಸುಮಾರು 20 ಸಾವಿರ ಮಂದಿಗೆ. ಇಡೀ ದೇಶದ ದೊಡ್ಡ ಬಂದರುಗಳಿಗೆಲ್ಲ ಸೇರಿ ಇಷ್ಟೇ. ಹಾಗಾದರೆ ಹಾವಾಶೇವಾದಲ್ಲಿ ನಾನು ದಿನಾ ನೋಡುವ ಜನ ಯಾರು? ಇಲ್ಲಿನ ಬಂದರು ಪ್ರಾಧಿಕಾರ ತನ್ನ ಕೊನೆಯ ಸ್ವಂತ ಕಂಟೇನರ್ ಟರ್ಮಿನಲನ್ನೂ 2022ರಲ್ಲಿ ಖಾಸಗಿಯವರಿಗೆ ವಹಿಸಿ ಪೂರ್ಣ ಜಮೀನ್ದಾರನಾಯಿತು. ದೇಶದ ದೊಡ್ಡ ಬಂದರುಗಳಲ್ಲಿ ಹೀಗಾದದ್ದು ಇದೇ ಮೊದಲು. ನೆಲ ಅದರದು, ಗೇಣಿ ಅದರದು, ದುಡಿಸುವವರು ಬೇರೆ. ಟರ್ಮಿನಲಿನ ಕ್ರೇನು ನಡೆಸುವವರು ಖಾಸಗಿ ನೌಕರರು. ಪೆಟ್ಟಿಗೆಗೆ ಕೊಂಡಿ ಬಿಗಿಯುವ ಲ್ಯಾಷಿಂಗ್ ಹುಡುಗರು ಗುತ್ತಿಗೆಯವರು. ಸರಕು ತುಂಬುವ ಗೋದಾಮುಗಳಲ್ಲಿ ಇರುವವರು ಗುತ್ತಿಗೆಯವರ ಗುತ್ತಿಗೆಯವರು. ಟ್ರೇಲರ್ ಓಡಿಸುವ ಉತ್ತರ ಪ್ರದೇಶದ, ಬಿಹಾರದ ಹುಡುಗರಿಗೆ ಟ್ರಿಪ್ಪಿನ ಲೆಕ್ಕ. ಗೇಟಿನ ಸಾಲಿನಲ್ಲಿ ಹನ್ನೆರಡು ತಾಸು ನಿಂತರೆ ಆ ದಿನದ ದುಡಿಮೆ ಅಷ್ಟೇ. ಇವರಲ್ಲಿ ಯಾರಿಗೂ ಆ ಎಂಟೂವರೆ ಪರ್ಸೆಂಟ್ ಸಂಬಂಧವಿಲ್ಲ.

ಅಮೆರಿಕದವರು ಗೇಟಿನ ಗುಮಾಸ್ತನಿಗಾಗಿ ಮಾತುಕತೆ ಮುರಿದರು. ನಮ್ಮಲ್ಲಿ ಗೇಟು ಬದಲಾದಾಗ ಸದ್ದೇ ಆಗಲಿಲ್ಲ, ಏಕೆಂದರೆ ಅಲ್ಲಿ ಕೂತವನು ಯಾರ ಸದಸ್ಯನೂ ಆಗಿರಲಿಲ್ಲ. ಯಾಂತ್ರೀಕರಣದ ವಿರುದ್ಧದ ಹೋರಾಟದಲ್ಲಿ ಭಾರತದ ಬಂದರು ಕಾರ್ಮಿಕರು ಸೋತರು ಎಂದು ಬರೆಯುವವರಿದ್ದಾರೆ. ನನಗನಿಸುವುದು, ಹೋರಾಟವೇ ನಡೆಯಲಿಲ್ಲ. ಯಂತ್ರಕ್ಕಿಂತ ಮುಂಚೆ ಗುತ್ತಿಗೆ ಬಂದಿತ್ತು. 1951ರ ರಿಜಿಸ್ಟರ್ ಹೋಗಿ ಮೇಸ್ತ್ರಿಯ ಬೆರಳು ವಾಪಸು ಬಂದಿತ್ತು. ಈಗ ಅದು ಮೊಬೈಲಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಕ್ರೇನಿನ ಕುರ್ಚಿ

ಹಾಗೆಂದು ಯಂತ್ರವನ್ನು ಶನಿ ಎನ್ನಲಾರೆ. ಹಡಗಿನ ಕ್ರೇನಿನ ಕ್ಯಾಬಿನ್ ಹತ್ತು ಹದಿಮೂರು ಮಾಳಿಗೆಯಷ್ಟು ಎತ್ತರದಲ್ಲಿರುತ್ತದೆ. ಕಾಲಡಿಯ ಗಾಜಿನ ಮೂಲಕ ತಾಸುಗಟ್ಟಲೆ ಕೆಳಗೆ ಬಗ್ಗಿ ನೋಡುತ್ತ ನಡೆಸಬೇಕು. ಐದಾರು ವರ್ಷ ಕಳೆದರೆ ಕುತ್ತಿಗೆ, ಸೊಂಟ ಎರಡೂ ಕೇಳುವುದಿಲ್ಲ. 2024ರ ಜುಲೈನಲ್ಲಿ ಮೊದಲ ದೊಡ್ಡ ಹಡಗು ಬಂದ, 2025ರ ಮೇ 2ರಂದು ಉದ್ಘಾಟನೆಯಾದ ಕೇರಳದ ವಿಳಿಂಜಂ ಬಂದರಿನಲ್ಲಿ ಕ್ರೇನುಗಳನ್ನು ತಂಪು ಕೋಣೆಯಲ್ಲಿ ಪರದೆ ನೋಡುತ್ತ ನಡೆಸುತ್ತಾರೆ. ಆ ಕುರ್ಚಿಗಳಲ್ಲಿ ಆಸುಪಾಸಿನ ಊರುಗಳ ಹೆಣ್ಣುಮಕ್ಕಳೂ ಇದ್ದಾರೆ. ಅಣ್ಣನಿಗೆ ಇದರ ವಿಡಿಯೊ ತೋರಿಸಿದೆ. ಎರಡು ಸಲ ನೋಡಿದರು. "ನಮ್ಮ ಕಾಲದಲ್ಲಿ ಹೆಂಗಸರು ಗೋದಿಯ ಗೇಟಿನ ಹತ್ತಿರ ಬಂದರೆ ಗಂಡನ ಸಂಬಳ ಕೇಳುವುದಕ್ಕೆ ಬಂದಿದ್ದಾಳೆ ಅಂತ ಲೆಕ್ಕ" ಎಂದರು. ಆಮೇಲೆ ಸ್ವಲ್ಪ ತಡೆದು, "ಒಬ್ಬಳು ಎಷ್ಟು ಕ್ರೇನು ನೋಡ್ತಾಳೆ?" ಎಂದು ಕೇಳಿದರು. ವಿಂಚಿನವರ ಪ್ರಶ್ನೆ ಅದು. ಲೆಕ್ಕ ಎಲ್ಲಿ ಬೀಳುತ್ತದೆ ಎಂದು ಅವರಿಗೆ ಗೊತ್ತು.

ಇನ್ನೊಂದು ಸಂಗತಿಯನ್ನು ಯಂತ್ರದ ಭಕ್ತರು ಹೇಳುವುದಿಲ್ಲ. ಮನುಷ್ಯರಿಲ್ಲದ ಬಂದರು ವೇಗವಾಗಿ ನಡೆಯುತ್ತದೆ ಎನ್ನುವುದು ಸಾಬೀತಾದ ಮಾತಲ್ಲ. ಮೆಕಿನ್ಸಿ ಸಂಸ್ಥೆಯ 2018ರ ಅಧ್ಯಯನ, ಸ್ವಯಂಚಾಲಿತ ಬಂದರುಗಳಲ್ಲಿ ಖರ್ಚು ಶೇ 15ರಿಂದ 35ರಷ್ಟು ಇಳಿಯುತ್ತದೆ, ಜೊತೆಗೆ ಉತ್ಪಾದಕತೆಯೂ ಶೇ 7ರಿಂದ 15ರಷ್ಟು ಇಳಿಯುತ್ತದೆ ಎಂದು ಹೇಳಿತು. ಮೆಕಿನ್ಸಿ ಕಾರ್ಮಿಕ ಸಂಘದ ಬಂಧುವೇನಲ್ಲ. 2021ರಲ್ಲಿ ಅಂತರರಾಷ್ಟ್ರೀಯ ಸಾರಿಗೆ ವೇದಿಕೆಯ ವರದಿಯೂ ಸ್ವಯಂಚಾಲಿತ ಬಂದರುಗಳು ಸಾಮಾನ್ಯವಾಗಿ ಉಳಿದವುಗಳಿಗಿಂತ ಚುರುಕಲ್ಲ ಎಂದಿತು. ಎಂದರೆ ನನ್ನ ಬೆಳಗಾವಿ ಗಿರಾಕಿಯ ಪೆಟ್ಟಿಗೆ ಅಲ್ಲಿ ಬೇಗ ಇಳಿಯುತ್ತದೆ ಎಂಬ ಭರವಸೆಯೇನೂ ಇಲ್ಲ. ಟರ್ಮಿನಲಿನವನಿಗೆ ಸಂಬಳದ ಪಟ್ಟಿ ಚಿಕ್ಕದಾಗುತ್ತದೆ. ರಾಟರ್‌ಡ್ಯಾಮಿನ ಕಾರ್ಮಿಕರು ಇದನ್ನರಿತೇ 2016ರ ಜನವರಿಯಲ್ಲಿ ಒಂದು ದಿನ ಮುಷ್ಕರ ಹೂಡಿ, ಕೆಲವು ವರ್ಷ ಯಾರನ್ನೂ ತೆಗೆಯುವುದಿಲ್ಲ ಎಂದು ಬರೆಸಿಕೊಂಡರು. ಜಗತ್ತಿನಲ್ಲೇ ಮೊದಲ ಸ್ವಯಂಚಾಲಿತ ಟರ್ಮಿನಲ್ 1993ರಲ್ಲಿ ಶುರುವಾದದ್ದು ಅದೇ ಊರಲ್ಲಿ. ಯಂತ್ರದೊಂದಿಗೆ ಬದುಕಿ ಗೊತ್ತಿರುವವರು ಅವರು.

ದೂರದ ಕಥೆಯೇಕೆ, ನಮ್ಮದೇ ಓಣಿಗೆ ಬರೋಣ. ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮ ಕಚೇರಿಯಲ್ಲಿ ಒಂಬತ್ತು ಹುಡುಗರು ಬರೀ ಕಾಗದ ಹಿಡಿದು ಓಡುವುದಕ್ಕೇ ಇದ್ದರು. ಕಸ್ಟಮ್ಸಿನ ಕಟ್ಟಡದಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಹಡಗು ಕಂಪನಿಗೆ, ಅಲ್ಲಿಂದ ಗೇಟಿಗೆ. ಯಾವ ಕೌಂಟರಿನಲ್ಲಿ ಯಾವ ಹೊತ್ತಿಗೆ ಜನ ಕಡಿಮೆ, ಯಾವ ಸಾಹೇಬರು ಊಟದ ನಂತರ ಸಿಡುಕುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಅರ್ಧಕ್ಕರ್ಧ ಹುಡುಗರು ರಾಯಚೂರು, ಕಲಬುರಗಿ ಕಡೆಯವರು. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಯಲ್ಲಿ ಮುಖ ನೋಡದೆ ಸುಂಕ ನಿರ್ಧರಿಸುವ ಪದ್ಧತಿ ಶುರುವಾಗಿ, ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲ ಬಂತು. ನಾನಿಲ್ಲಿ ಹಾಕಿದ ಕಡತವನ್ನು ಯಾವುದೋ ಊರಿನ ಅಧಿಕಾರಿ ನೋಡುತ್ತಾನೆ. ಲಂಚದ ಕಾಟ ಕಡಿಮೆಯಾಯಿತು, ಅದು ನಿಜ. ಯಾರೂ ಹಳೆಯ ಕಾಲ ವಾಪಸು ಬೇಕು ಎನ್ನುವುದಿಲ್ಲ. ಗೇಟಿನ ಕಾಗದವೂ ಆನ್‌ಲೈನ್ ಆಯಿತು. ಒಂಬತ್ತರಲ್ಲಿ ಈಗ ಮೂವರಿದ್ದಾರೆ. ಉಳಿದವರಲ್ಲಿ ಒಬ್ಬ ಪನವೇಲಿನಲ್ಲಿ ರಿಕ್ಷಾ ಓಡಿಸುತ್ತಾನೆ, ಒಬ್ಬ ಮಾನ್ವಿಗೆ ಹೋಗಿ ಹೊಲ ನೋಡಿಕೊಳ್ಳುತ್ತಿದ್ದಾನೆ, ಇಬ್ಬರು ಮನೆಮನೆಗೆ ಪಾರ್ಸೆಲ್ ಹಂಚುತ್ತಾರೆ. ಅವರಿಗೆ ನಿಧಿಯಿರಲಿಲ್ಲ, ಆದಾಯದ ಖಾತ್ರಿಯಿರಲಿಲ್ಲ, ಮಾತುಕತೆಯ ಮೇಜಿರಲಿಲ್ಲ. ದೀಪಾವಳಿಯ ಬೋನಸ್ಸಿನ ಜೊತೆ ಒಂದು ತಿಂಗಳ ಸಂಬಳ ಹೆಚ್ಚು ಸಿಕ್ಕಿತು. ಅವರೂ ಕೇಳಲಿಲ್ಲ. ಕೇಳಬಹುದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಂಪ್ಯೂಟರಿನ ಮುಂದೆ ಕೂತ ನಮ್ಮಂಥವರು, ಹೈದರಾಬಾದು, ಪುಣೆಯ ಐಟಿ ಕಚೇರಿಗಳಲ್ಲಿರುವ ನಮ್ಮೂರ ಹುಡುಗ ಹುಡುಗಿಯರೂ ಸೇರಿ, ಗೋದಿ ಕಾರ್ಮಿಕರ ಮುಷ್ಕರವನ್ನು ಹಳೆಯ ಕಾಲದ ಹಟ ಎಂದು ನೋಡುವುದು ರೂಢಿ. ಈಗ ಕೃತಕ ಬುದ್ಧಿಮತ್ತೆ ಬಂದು ಅವರ ಕಚೇರಿಯ ಕುರ್ಚಿಗಳೂ ಅಲುಗಾಡತೊಡಗಿವೆ. ನನ್ನ ತಂಗಿಯ ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ಮೊನ್ನೆ ಫೋನ್ ಮಾಡಿದವನು ಡ್ಯಾಗೆಟ್ ಬಗ್ಗೆ ವಿಚಾರಿಸಿದ. "ಮಾವ, ಅವರು ಒಪ್ಪಂದದಲ್ಲಿ ಆ ಸಾಲನ್ನು ಹೇಗೆ ಬರೆಸಿಕೊಂಡರು?" ಎಂದ. 45 ಸಾವಿರ ಜನ ಒಂದೇ ದಿನ ಕೈಕಟ್ಟಿ ನಿಂತು ಬರೆಸಿಕೊಂಡರು ಎಂದೆ. ಅವನ ಕಂಪನಿಯಲ್ಲಿ ಅವನ ತಂಡದ ಹನ್ನೊಂದು ಮಂದಿಯಲ್ಲಿ ನಾಲ್ವರ ಪೂರ್ತಿ ಹೆಸರು ಅವನಿಗೆ ಗೊತ್ತಿಲ್ಲವಂತೆ. ಎಲ್ಲ ಮನೆಯಿಂದ ಕೆಲಸ.

ಬಂದರು ಕಾರ್ಮಿಕರ ಈಗಿನ ಒಪ್ಪಂದ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಹಿಂದಿನ ಸಲ 32 ತಿಂಗಳು ಹಿಡಿಯಿತು. ಈ ಸಲ ಬೇಡಿಕೆಯ ಪಟ್ಟಿಯಲ್ಲಿ ಪರ್ಸೆಂಟಿನ ಜೊತೆ ಗುತ್ತಿಗೆಯವರ ಹೆಸರೂ ಇರುತ್ತದೆಯೇ ಎಂದು ಕಾದು ನೋಡುತ್ತಿದ್ದೇನೆ. ಲ್ಯಾಷಿಂಗ್ ಹುಡುಗರಿಗೆ ಒಂದು ರಿಜಿಸ್ಟರ್, ಟ್ರೇಲರಿನವರಿಗೆ ಕಾಯುವ ತಾಸಿಗೆ ಹಾಜರಿ ಹಣ. 1951ರಲ್ಲಿ ಆದದ್ದನ್ನೇ ಮತ್ತೆ ಕೇಳಿದರೂ ಸಾಕು. ರಫ್ತಿನ ವ್ಯವಹಾರದಲ್ಲಿರುವ ಓದುಗರು 2027ರಿಂದಾಚೆಗಿನ ಕರಾರುಗಳಲ್ಲಿ ಮುಷ್ಕರದಿಂದಾದ ವಿಳಂಬಕ್ಕೆ ದಂಡವಿಲ್ಲ ಎಂಬ ಸಾಲನ್ನು ಈಗಲೇ ಸೇರಿಸಿಕೊಳ್ಳುವುದು ಒಳ್ಳೆಯದು. ಬೆಳಗಾವಿಯವರು ಸೇರಿಸಿದ್ದಾರೆ. ಅವರ ಆ ಎರಡು ಪೆಟ್ಟಿಗೆ ಕೊನೆಗೆ ಒಂಬತ್ತು ದಿನ ತಡವಾಗಿ ಇಳಿದವು.